ಪುಸ್ತಕಕ್ಕೆ ಒಡವೆ ಅಡ ಇಡಬೇಡಿ



ಕಾಲೇಜು ಪುಸ್ತಕದ ಖರ್ಚು ಅವರವರ ಮನೆ ವಿಷಯ ಅಂತ ನಾವೆಲ್ಲ ಸುಮ್ಮನಿದ್ದೀವಿ. ನಾನು ಹೇಳ್ತೀನಿ, ಗಡಿಯಲ್ಲಿ ಅದು ಭಾಷೆ ವಿಷಯ. ಕೊಡಿಕೊಂಡ ಚೆಕ್‌ಪೋಸ್ಟ್‌ನಿಂದ ಹಿಡಿದು ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದವರೆಗೆ ಕನ್ನಡ ಮನೆಯ ಮಕ್ಕಳು ಡಿಗ್ರಿ ಮುಗಿಸೋಕೆ ಬೇರೆಯವರಿಗಿಂತ ಜಾಸ್ತಿ ದುಡ್ಡು ಕಟ್ತಾ ಇದ್ದಾರೆ. ಆ ಜಾಸ್ತಿ ದುಡ್ಡು ಯಾವ ಫೀ ರಶೀದಿಯಲ್ಲೂ ಕಾಣಲ್ಲ. ಪುಸ್ತಕ, ಗೈಡು, ಟ್ಯೂಷನ್ ಹೆಸರಲ್ಲಿ ಸದ್ದಿಲ್ಲದೆ ಹೋಗುತ್ತೆ.

ನಾನು ಬ್ಯಾಂಕ್ ಕೌಂಟರ್‌ನಲ್ಲಿ ಕೂರೋನು. ಜೂನ್, ಜುಲೈ ಬಂದ್ರೆ ಬಂಗಾರದ ಸಾಲಕ್ಕೆ ಬರೋರಲ್ಲಿ ಕಾಲೇಜು ಮಕ್ಕಳ ತಾಯಂದಿರೂ ಇರ್ತಾರೆ. ಯಾತಕ್ಕಮ್ಮ ಅಂದ್ರೆ ಫೀಸು, ಪುಸ್ತಕ, ಹಾಸ್ಟೆಲ್ಲು ಅಂತಾರೆ. ಫೀಸಿಗೆ ಸರ್ಕಾರದ ಸ್ಕಾಲರ್‌ಶಿಪ್ ಇದೆ, ತಡವಾದ್ರೂ ಬರುತ್ತೆ ಅನ್ನೋ ಆಸೆ ಇದೆ. ಪುಸ್ತಕಕ್ಕೆ ಕೇಳೋರಿಲ್ಲ. ಓಲೆ ಅಡ ಇಟ್ಟು ತಂದ ದುಡ್ಡಲ್ಲಿ ಕೊಂಡ ಪುಸ್ತಕ ಸೆಮಿಸ್ಟರ್ ಮುಗಿದ ಮೇಲೆ ರದ್ದಿ ಅಂಗಡಿಗೆ ಕೆಜಿ ಲೆಕ್ಕದಲ್ಲಿ ಹೋಗುತ್ತೆ. ಓಲೆ ಮಾತ್ರ ಬ್ಯಾಂಕಿನ ಸೇಫಿನಲ್ಲೇ ಇರುತ್ತೆ, ಅದರ ಮೇಲೆ ಬಡ್ಡಿ ಓಡ್ತಾ ಇರುತ್ತೆ. ಕಾಮರ್ಸ್ ಓದಿದ ಯಾವನಿಗೂ ಈ ಲೆಕ್ಕ ಒಪ್ಪಿಗೆ ಆಗಬಾರದು.

ಮೊದಲು ಲೆಕ್ಕ ಹಾಕೋಣ

ಬಿ.ಕಾಂ. ಹುಡುಗಿಯೊಬ್ಬಳಿಗೆ ಒಂದು ಸೆಮಿಸ್ಟರ್‌ಗೆ ಐದು ಪೇಪರ್ ಅಂತ ಇಟ್ಕೊಳ್ಳಿ. ಪುಸ್ತಕ ಒಂದಕ್ಕೆ 250 ರೂಪಾಯಿ ಹಿಡಿದ್ರೆ 1,250. ಪ್ರತಿ ಪೇಪರ್‌ಗೂ 150 ರೂಪಾಯಿಯ ಗೈಡು ಅಂದ್ರೆ ಇನ್ನೊಂದು 750. ಸೆಮಿಸ್ಟರ್‌ಗೆ 2,000 ಆಯ್ತು. ಆರು ಸೆಮಿಸ್ಟರ್‌ಗೆ 12,000.

ಈಗ ಇದೇ ಹುಡುಗಿ ಹಳೇ ಪುಸ್ತಕವನ್ನ ಅರ್ಧ ಬೆಲೆಗೆ, 125 ರೂಪಾಯಿಗೆ ತಗೊಂಡು, ಪರೀಕ್ಷೆ ಆದ ಮೇಲೆ ಜೂನಿಯರ್‌ಗೆ 75 ರೂಪಾಯಿಗೆ ಕೊಟ್ಟಳು ಅನ್ನಿ. ಪುಸ್ತಕಕ್ಕೆ ಬಿದ್ದ ಖರ್ಚು 50. ಐದಕ್ಕೆ 250. ಗೈಡು ಇಲ್ಲ. ಹಳೇ ಪ್ರಶ್ನೆಪತ್ರಿಕೆ ಜೆರಾಕ್ಸಿಗೆ ಒಂದು ನೂರು. ಸೆಮಿಸ್ಟರ್‌ಗೆ 350, ಆರಕ್ಕೆ 2,100. ಉಳಿದಿದ್ದು 9,900 ರೂಪಾಯಿ.

9,900 ಅಂದ್ರೆ ಎಷ್ಟು? 2025-26ರಲ್ಲಿ ಆಂಧ್ರದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 307 ರೂಪಾಯಿ. ಅಂದ್ರೆ ನಿಮ್ಮಮ್ಮ ಬಿಸಿಲಲ್ಲಿ ಮೂವತ್ತೆರಡು ದಿನ ಮಣ್ಣು ಹೊತ್ತ ದುಡ್ಡು. ನಾನು ಬೆಲೆಗಳನ್ನ ಅಂದಾಜಿಗೆ ಹಿಡಿದಿದ್ದೀನಿ, ನಿಮ್ಮ ಕೋರ್ಸಿನ ಬೆಲೆ ಹಾಕಿ ನೀವೇ ಕೂಡಿ ನೋಡಿ. ಮೊತ್ತ ಹೆಚ್ಚುಕಮ್ಮಿ ಆಗಬಹುದು, ಪಾಠ ಒಂದೇ.

ಗೈಡು ಯಾಕೆ ಕೊಳ್ತೀರಿ?

ಇಲ್ಲಿದೆ ನೋಡಿ ನಿಜವಾದ ವಿಷಯ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ನಮ್ಮ ಗಡಿಯ ಊರುಗಳಲ್ಲಿ ಇವತ್ತೂ ಇದೆ. ಅದು ಡಿಗ್ರಿಗೆ ಬಂದಾಗ ಏನಾಗುತ್ತೆ? 2021-22ರಿಂದ ಆಂಧ್ರದಲ್ಲಿ ಡಿಗ್ರಿ ಕೋರ್ಸುಗಳನ್ನ ಇಂಗ್ಲಿಷ್ ಮಾಧ್ಯಮ ಮಾಡಿದ್ರು. ತೆಲುಗು ಹುಡುಗನಿಗೂ ಕಷ್ಟವೇ, ಇಲ್ಲ ಅನ್ನಲ್ಲ. ಆದ್ರೆ ಅವನ ಪಕ್ಕ ನಿಲ್ಲೋಕೆ 1968ರಲ್ಲಿ ಹುಟ್ಟಿದ ತೆಲುಗು ಅಕಾಡೆಮಿಯ ಪುಸ್ತಕಗಳಿವೆ, ಮೇಷ್ಟ್ರು ಕ್ಲಾಸಲ್ಲಿ ತೆಲುಗಿನಲ್ಲೇ ಬಿಡಿಸಿ ಹೇಳ್ತಾರೆ. ಆ ಕಡೆ ಗೌರಿಬಿದನೂರು, ಪಾವಗಡದ ಹುಡುಗನಿಗೆ ಕನ್ನಡದಲ್ಲಿ ಬಿ.ಕಾಂ. ಪುಸ್ತಕ ಸಿಗುತ್ತೆ. ಮಧ್ಯೆ ಸಿಕ್ಕಿಹಾಕಿಕೊಂಡವರು ನಾವು. ಇಂಗ್ಲಿಷ್ ಪುಸ್ತಕ ಅರ್ಥ ಆಗಲ್ಲ, ತೆಲುಗು ವಿವರಣೆ ಅರ್ಧ ಆಗುತ್ತೆ, ಕನ್ನಡದ್ದು ಕಣ್ಣಿಗೇ ಬೀಳಲ್ಲ.

ಆಮೇಲೆ ಗೈಡು ಬರುತ್ತೆ. ಅದರಲ್ಲಿ ಅರ್ಥ ಇಲ್ಲ, ಬಾಯಿಪಾಠ ಮಾಡೋ ಉತ್ತರ ಇದೆ. ಗೈಡು ಸಾಲದೆ ಟ್ಯೂಷನ್ನು. ನೀವು ಅಂಗಡಿಯಲ್ಲಿ ಕೊಡ್ತಿರೋ ಆ ಜಾಸ್ತಿ ದುಡ್ಡು ಕನ್ನಡದವರಾಗಿ ಹುಟ್ಟಿದ್ದಕ್ಕೆ ಕಟ್ಟೋ ತೆರಿಗೆ. ಕಾಲೇಜು ಪುಸ್ತಕಕ್ಕೆ ಸರ್ಕಾರದ ಜಿಎಸ್‌ಟಿ ಇಲ್ಲ, ನಮಗೆ ಮಾತ್ರ ಈ ಭಾಷಾ ಜಿಎಸ್‌ಟಿ ಇದೆ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸೋ ಸೌಲಭ್ಯ ಕೊಡಿ ಅಂತ ರಾಜ್ಯಗಳಿಗೆ ಹೇಳುತ್ತೆ. ಆದ್ರೆ ಪ್ರಾಥಮಿಕ ಹಂತಕ್ಕೆ ಮಾತ್ರ. ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ಆ ವಿಧಿ ನಿಮ್ಮ ಕೈ ಬಿಡುತ್ತೆ. ಹಾಗಾಗಿ ಅಲ್ಲಿಂದ ಮುಂದೆ ನಮ್ಮ ಕೈ ನಾವೇ ಹಿಡ್ಕೋಬೇಕು.

ಡೆಬಿಟ್ಟು ಗಡಿ ದಾಟಿದ್ರೂ ಡೆಬಿಟ್ಟೇ

ನಮ್ಮ ಹುಡುಗರು ಹೇಳೋ ಮಾತು: "ಅಣ್ಣಾ, ಕರ್ನಾಟಕದ ಪುಸ್ತಕ ನಮ್ಮ ಸಿಲಬಸ್‌ಗೆ ಆಗಲ್ಲ." ಯಾರು ಹೇಳಿದ್ದು? ಸಿಲಬಸ್ ಹಾಳೆ ಕೈಯಲ್ಲಿ ಹಿಡಿದು ಅಧ್ಯಾಯ ಅಧ್ಯಾಯ ತಾಳೆ ನೋಡಿದ್ದೀರಾ? ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿ ಬಾಗೇಪಲ್ಲಿಗೆ ಹೋದ್ರೆ ಡೆಬಿಟ್ಟು ಕ್ರೆಡಿಟ್ ಆಗಿಬಿಡಲ್ಲ. 1872ರ ಕಾಂಟ್ರಾಕ್ಟ್ ಆಕ್ಟ್, 1881ರ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಆಕ್ಟ್, 1930ರ ಸೇಲ್ ಆಫ್ ಗೂಡ್ಸ್ ಆಕ್ಟ್, 1932ರ ಪಾರ್ಟ್ನರ್‌ಶಿಪ್ ಆಕ್ಟ್, 2013ರ ಕಂಪನಿ ಕಾಯ್ದೆ ಎರಡೂ ರಾಜ್ಯಕ್ಕೆ ಒಂದೇ. ಸವಕಳಿ ಲೆಕ್ಕ ಅನಂತಪುರದಲ್ಲೂ ಅದೇ, ಧಾರವಾಡದಲ್ಲೂ ಅದೇ. ಪರೀಕ್ಷೆ ಇಂಗ್ಲಿಷಲ್ಲಿ ಬರೀರಿ, ಬೇಡ ಅನ್ನಲ್ಲ. ಅರ್ಥ ಮಾಡ್ಕೊಳ್ಳೋದು ಕನ್ನಡದಲ್ಲಿ ಮಾಡ್ಕೊಳ್ಳಿ. ಅರ್ಥ ಆದವನಿಗೆ ಗೈಡು ಬೇಕಾಗಲ್ಲ.

ಆ ಪುಸ್ತಕ ಎಲ್ಲಿ ಸಿಗುತ್ತೆ? ಗೌರಿಬಿದನೂರು, ಮಧುಗಿರಿ, ಪಾವಗಡ, ಚಳ್ಳಕೆರೆ ಕಡೆ ನಿಮಗೆ ಅತ್ತೆ, ಮಾವ, ದೊಡ್ಡಮ್ಮ ಇಲ್ವಾ? ಹೆಣ್ಣು ಕೊಟ್ಟು ತಂದಿರೋದು ಆ ಊರುಗಳಿಂದಲೇ ತಾನೆ? ಅಲ್ಲಿ ಬಿ.ಕಾಂ. ಮುಗಿಸಿದವರ ಮನೆ ಅಟ್ಟದ ಮೇಲೆ ಪುಸ್ತಕ ಧೂಳು ತಿಂತಾ ಬಿದ್ದಿವೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲಿ ಓದಿದ ನೆಂಟರಿದ್ರೆ ಅವರ ಪಾಠಪುಸ್ತಕ ಕೇಳಿ ತನ್ನಿ. ಮನೆಯಲ್ಲಿ ಕೂತು ಓದೋರಿಗೆ ಅಂತಲೇ ಬರೆದಿರೋ ಪುಸ್ತಕ ಅವು, ಮೇಷ್ಟ್ರಿಲ್ಲದೆ ಅರ್ಥ ಆಗುತ್ತೆ. ಹಿಂದೂಪುರದಿಂದ ರೈಲು ಹತ್ತಿದ್ರೆ ಬೆಂಗಳೂರು. ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳು ಕಾಲೇಜು ಪುಸ್ತಕಕ್ಕೇ ಹೆಸರುವಾಸಿ. ಎಲ್ಲರೂ ಹೋಗಬೇಕಿಲ್ಲ. ಹತ್ತು ಜನರ ಪಟ್ಟಿ ಹಿಡಿದು ಇಬ್ಬರು ಹೋಗಿ ಬಂದ್ರೆ ಸಾಕು, ಚೌಕಾಸಿಗೂ ಬಲ ಬರುತ್ತೆ.

ಹೋಗೋಕಾಗದಿದ್ರೆ ಅಂಚೆ ಇದೆ. 2025ರ ಮೇ 1ರಿಂದ ಅಂಚೆ ಇಲಾಖೆ ಓದೋ ಪುಸ್ತಕಗಳಿಗೆ ಅಂತಲೇ ಜ್ಞಾನ್ ಪೋಸ್ಟ್ ಶುರು ಮಾಡಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿವರೆಗೆ 100 ರೂಪಾಯಿ, ಮೇಲೆ ತೆರಿಗೆ. ಐದು ಕೆಜಿ ಅಂದ್ರೆ ಒಂದು ಸೆಮಿಸ್ಟರ್ ಪುಸ್ತಕ ಆರಾಮಾಗಿ ಬರುತ್ತೆ. ಮೈಸೂರಿನಲ್ಲಿರೋ ಅಕ್ಕ ಕಲ್ಯಾಣದುರ್ಗದ ತಮ್ಮನಿಗೆ ನೂರು ಚಿಲ್ಲರೆ ರೂಪಾಯಲ್ಲಿ ಪುಸ್ತಕದ ಕಟ್ಟು ಕಳಿಸಬಹುದು.

ಯಾವುದು ಹೊಸದು ಬೇಕು, ಯಾವುದು ಹಳೇದು ಸಾಕು

ಅಂಗಡಿಯವನು "ಹೊಸ ಎಡಿಷನ್ ಬಂದಿದೆ, ಹಳೇದು ನಡೆಯಲ್ಲ" ಅಂತಾನೆ. ಕೆಲವಕ್ಕೆ ನಿಜ, ಬಹಳಷ್ಟಕ್ಕೆ ಸುಳ್ಳು. ಕಾಮರ್ಸ್‌ನವರು ಇಷ್ಟು ನೆನಪಿಟ್ಕೊಳ್ಳಿ.

ಫೈನಾನ್ಷಿಯಲ್ ಅಕೌಂಟಿಂಗ್, ಕಾಸ್ಟ್ ಅಕೌಂಟಿಂಗ್, ಸ್ಟಾಟಿಸ್ಟಿಕ್ಸ್, ಅರ್ಥಶಾಸ್ತ್ರದ ಮೂಲಪಾಠ, ಬಿಸಿನೆಸ್ ಲಾ: ಐದಾರು ವರ್ಷ ಹಳೇದಾದ್ರೂ ನಡೆಯುತ್ತೆ. ಕಾರ್ಪೊರೇಟ್ ಅಕೌಂಟಿಂಗ್: ಬ್ಯಾಲೆನ್ಸ್ ಶೀಟ್ ಷೆಡ್ಯೂಲ್ 3 ಪ್ರಕಾರ ಇದ್ರೆ ತಗೊಳ್ಳಿ, ಷೆಡ್ಯೂಲ್ 6 ಅಂತಿದ್ರೆ ಅದು 1956ರ ಕಾಯ್ದೆ ಕಾಲದ್ದು, ಬಿಡಿ. ಪರೋಕ್ಷ ತೆರಿಗೆ: 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಅದಕ್ಕಿಂತ ಹಿಂದಿನದು ಬೇಡವೇ ಬೇಡ. ಆದಾಯ ತೆರಿಗೆ: 1961ರ ಕಾಯ್ದೆ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ. ನಿಮ್ಮ ಸಿಲಬಸ್ ಯಾವ ಕಾಯ್ದೆ ಕೇಳುತ್ತೆ ಅಂತ ಮೇಷ್ಟ್ರನ್ನ ಕೇಳಿ, ಆಮೇಲೆ ದುಡ್ಡು ಬಿಚ್ಚಿ. ದುಡ್ಡು ಹಾಕೋದಾದ್ರೆ ತೆರಿಗೆ ಪುಸ್ತಕಕ್ಕೆ ಹಾಕಿ. ಮಿಕ್ಕಿದ್ದೆಲ್ಲ ಕೈಯಿಂದ ಕೈಗೆ ಬರಲಿ.

ಇನ್ನು ಪೂರಾ ಪುಕ್ಕಟೆ ಸಿಗೋದು. ಕೇಂದ್ರದ ಕಾಯ್ದೆಗಳೆಲ್ಲ ಇಂಡಿಯಾ ಕೋಡ್‌ನಲ್ಲಿ ಪುಕ್ಕಟೆ ಇವೆ. ಇಗ್ನೋದ ಬಿ.ಕಾಂ. ಪಾಠಗಳು ಇ-ಜ್ಞಾನಕೋಶದಲ್ಲಿವೆ. ಸಿಎ ಸಂಸ್ಥೆ ತನ್ನ ಫೌಂಡೇಶನ್ ಪಾಠಗಳನ್ನ ಪುಕ್ಕಟೆಯಾಗಿ ಇಟ್ಟಿದೆ, ಅಕೌಂಟಿಂಗ್‌ಗೆ ಅದಕ್ಕಿಂತ ಅಚ್ಚುಕಟ್ಟಾದ ಇಂಗ್ಲಿಷ್ ಪುಸ್ತಕ ಹುಡುಕೋದು ಕಷ್ಟ. ಬುನಾದಿ ಗಟ್ಟಿಯಿಲ್ಲ ಅನ್ನೋರು ಎನ್‌ಸಿಇಆರ್‌ಟಿಯ 11, 12ನೇ ತರಗತಿ ಅಕೌಂಟೆನ್ಸಿ ಇಳಿಸ್ಕೊಳ್ಳಿ. ಐಐಟಿ ಖರಗ್‌ಪುರ ನಡೆಸೋ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯಕ್ಕೆ ಸೇರೋಕೆ ಫೀಸಿಲ್ಲ. ಡಿಪ್ಲೊಮಾ, ಇಂಜಿನಿಯರಿಂಗ್ ಓದೋ ತಮ್ಮಂದಿರೇ, ಎಐಸಿಟಿಇಯ ಇ-ಕುಂಭ್‌ನಲ್ಲಿ ಕನ್ನಡದಲ್ಲೇ ತಾಂತ್ರಿಕ ಪುಸ್ತಕಗಳು ಪುಕ್ಕಟೆ ಇವೆ. ರೀಲ್ಸ್‌ಗೆ ಸುರಿಯೋ ಡೇಟಾದಲ್ಲಿ ಒಂದು ದಿನದ್ದು ಇದಕ್ಕೆ ಹಾಕಿ.

ಜೆರಾಕ್ಸ್ ಮಾಡಿದ್ರೆ ಕಳ್ಳತನವಾ?

ಇದನ್ನೂ ನೇರವಾಗಿ ಮಾತಾಡೋಣ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ದೆಹಲಿ ವಿಶ್ವವಿದ್ಯಾಲಯದ ಒಂದು ಜೆರಾಕ್ಸ್ ಅಂಗಡಿ ಮೇಲೆ ಕೇಸು ಹಾಕಿದ್ವು. ಅಂಗಡಿ ಹೆಸರು ರಾಮೇಶ್ವರಿ ಫೋಟೊಕಾಪಿ. ಬೇರೆ ಬೇರೆ ಪುಸ್ತಕದ ಅಧ್ಯಾಯ ಸೇರಿಸಿ ಕಟ್ಟು ಮಾಡಿ ವಿದ್ಯಾರ್ಥಿಗಳಿಗೆ ಕೊಡ್ತಿತ್ತು. 2016ರಲ್ಲಿ ದೆಹಲಿ ಹೈಕೋರ್ಟ್ ಕಾಪಿರೈಟ್ ಕಾಯ್ದೆಯ 52(1)(ಐ) ಸೆಕ್ಷನ್ ಮುಂದಿಟ್ಟು, ಪಾಠ ಹೇಳಿಕೊಡೋ ಕೆಲಸಕ್ಕೆ ಬೇಕಾದಷ್ಟು ನಕಲು ಮಾಡೋದು ಕಾಪಿರೈಟ್ ಉಲ್ಲಂಘನೆ ಅಲ್ಲ ಅಂತ ಹೇಳ್ತು. 2017ರಲ್ಲಿ ಪ್ರಕಾಶಕರೇ ಕೇಸಿನಿಂದ ಹಿಂದೆ ಸರಿದ್ರು. ಮೇಷ್ಟ್ರು ಸಿಲಬಸ್‌ಗೆ ಅಂತ ಕೊಟ್ಟ ಅಧ್ಯಾಯ ಜೆರಾಕ್ಸ್ ಮಾಡಿಸೋಕೆ ಹೆದರಬೇಡಿ.

ಆದ್ರೆ ಒಂದು ಮಾತು. ಕನ್ನಡದಲ್ಲಿ ಕಾಮರ್ಸ್, ವಿಜ್ಞಾನ ಬರೆಯೋ ಮೇಷ್ಟ್ರುಗಳು ಬೆರಳೆಣಿಕೆ. ಅವರ ಪುಸ್ತಕ ಅಚ್ಚಾಗೋದೇ ಸ್ವಲ್ಪ. ಅದನ್ನ ಪೂರಾ ಸ್ಕ್ಯಾನ್ ಮಾಡಿ ಟೆಲಿಗ್ರಾಂ ಗುಂಪಿಗೆ ಬಿಟ್ರೆ ಮುಂದಿನ ಪುಸ್ತಕ ಬರಲ್ಲ. ಕನ್ನಡ ಪಠ್ಯ ಒಂದನ್ನ ಹತ್ತು ಜನ ಸೇರಿ ಕೊಂಡು ಓದಿ, ಅದು ಉಳಿತಾಯ. ಒಂದನ್ನ ಹತ್ತು ಸಾವಿರ ಜನಕ್ಕೆ ಕದ್ದು ಹಂಚೋದು ನಮ್ಮ ಕಾಲಿಗೆ ನಾವೇ ಕಲ್ಲು ಹಾಕ್ಕೊಳ್ಳೋದು.

ನೀವು ಆಗಲೇ ಕಟ್ಟಿರೋ ದುಡ್ಡು

ನಿಮ್ಮ ಮನೆ ಕಂದಾಯದ ರಶೀದಿ ತೆಗೆದು ನೋಡಿ. ಆಂಧ್ರದ 1960ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಕಂದಾಯದ ಪ್ರತಿ ರೂಪಾಯಿಗೆ 8 ಪೈಸೆ ಗ್ರಂಥಾಲಯ ಸೆಸ್. ಸಾವಿರ ರೂಪಾಯಿ ಕಂದಾಯ ಕಟ್ಟೋ ಮನೆ 80 ರೂಪಾಯಿ ಗ್ರಂಥಾಲಯಕ್ಕೆ ಕೊಡುತ್ತೆ. ಕನ್ನಡ ಮನೆಗೆ ರಿಯಾಯಿತಿ ಏನಾದ್ರೂ ಇದೆಯಾ? ಇಲ್ಲ. ಸೆಸ್ಸಿಗೆ ಭಾಷೆ ಇಲ್ಲ, ಕಪಾಟಿಗೆ ಮಾತ್ರ ಯಾಕೆ ಇರಬೇಕು?

ನಿಮ್ಮೂರಿನ ಶಾಖಾ ಗ್ರಂಥಾಲಯಕ್ಕೆ ಹೋಗಿ. ಕನ್ನಡ ಪುಸ್ತಕ ಎಷ್ಟಿದೆ, ಡಿಗ್ರಿ ಪಠ್ಯ ಎಷ್ಟಿದೆ ಎಣಿಸಿ. ಬೇಕಾದ ಪುಸ್ತಕದ ಪಟ್ಟಿ ಮಾಡಿ, ಇಪ್ಪತ್ತು ಸಹಿ ಹಾಕಿಸಿ, ಗ್ರಂಥಪಾಲಕರಿಗೆ ಕೊಟ್ಟು ಒಂದು ಪ್ರತಿಯ ಮೇಲೆ ಸೀಲು ಹಾಕಿಸ್ಕೊಳ್ಳಿ. ಉತ್ತರ ಬರದಿದ್ರೆ ಅದೇ ಪ್ರತಿ ಹಿಡಿದು ಸೋಮವಾರ ಕಲೆಕ್ಟರ್ ಅರ್ಜಿ ಸಭೆಗೆ ಹೋಗಿ. ಹಿಂದೂಪುರ, ಮಡಕಶಿರಾದವರು ಪುಟ್ಟಪರ್ತಿಗೆ, ಕಲ್ಯಾಣದುರ್ಗದವರು ಅನಂತಪುರಕ್ಕೆ. ಕೂಗಾಟ ಬೇಡ. ಸೀಲು ಬಿದ್ದ ಕಾಗದಕ್ಕೆ ಗಂಟಲಿಗಿಂತ ಜಾಸ್ತಿ ಶಕ್ತಿ ಇದೆ, ಇದು ಕಾಗದದ ಮಧ್ಯೆ ಬದುಕೋನ ಮಾತು.

ಕಾಲೇಜಿನ ರಶೀದಿಯನ್ನೂ ನೋಡಿ. ಲೈಬ್ರರಿ ಫೀ ಅಂತ ಇದ್ರೆ ಪುಸ್ತಕ ಮನೆಗೆ ತಗೊಂಡು ಹೋಗೋ ಹಕ್ಕು ಕೇಳಿ. ಬಡ ಮಕ್ಕಳಿಗೆ ಪುಸ್ತಕ ಬ್ಯಾಂಕ್ ಇದೆಯಾ ಅಂತ ಕೇಳಿ, ಎಷ್ಟೋ ಕಾಲೇಜುಗಳಲ್ಲಿ ಇರುತ್ತೆ, ಕೇಳೋರಿಲ್ಲದೆ ಬೀಗ ಬಿದ್ದಿರುತ್ತೆ. "ಈ ಅಂಗಡಿಯಲ್ಲೇ ಕೊಳ್ಳಿ" ಅಂತ ಯಾರಾದ್ರೂ ಒತ್ತಾಯ ಮಾಡಿದ್ರೆ, ಅದನ್ನ ಬರೆದು ಕೊಡಿ ಸಾರ್ ಅಂತ ವಿನಯವಾಗಿ ಕೇಳಿ. ಬರೆದು ಕೊಡಲ್ಲ.

ನಮ್ಮವರಿಗೂ ಎರಡು ಮಾತು

ಬೇರೆಯವರನ್ನ ಮಾತ್ರ ಬೈದು ಬಿಟ್ರೆ ನ್ಯಾಯ ಆಗಲ್ಲ. ನವೆಂಬರ್ 1 ಬಂದ್ರೆ ಗಡಿಯಲ್ಲಿ ಪೆಂಡಾಲು, ಸೌಂಡು, ಮನುಷ್ಯನೆತ್ತರದ ಫ್ಲೆಕ್ಸು. ಫ್ಲೆಕ್ಸಿನಲ್ಲಿ ದಾನಿಗಳ ಮುಖ ದೊಡ್ಡದು, ಭುವನೇಶ್ವರಿ ತಾಯಿ ಮೂಲೆಯಲ್ಲಿ. ಮಾರನೇ ವಾರ ಆ ಫ್ಲೆಕ್ಸು ಹುಲ್ಲಿನ ಬಣವೆ ಮೇಲೆ. ನೂರು ಹಳೇ ಪುಸ್ತಕಕ್ಕೆ, 125ರ ಲೆಕ್ಕದಲ್ಲಿ, 12,500 ರೂಪಾಯಿ ಸಾಕು. ನೂರು ಪುಸ್ತಕ ಅಂದ್ರೆ ಇಪ್ಪತ್ತು ಮಕ್ಕಳ ಒಂದು ಸೆಮಿಸ್ಟರ್. ನಿಮ್ಮೂರಿನ ರಾಜ್ಯೋತ್ಸವದ ಖರ್ಚು ಇದಕ್ಕಿಂತ ಕಮ್ಮಿನಾ? ಹಬ್ಬ ಬೇಡ ಅಂತ ನಾನು ಹೇಳಲ್ಲ. ಆರ್ಕೆಸ್ಟ್ರಾದ ಒಂದು ಗಂಟೆ ಕಮ್ಮಿ ಮಾಡಿ ಅಂತೀನಿ.

ಕರ್ನಾಟಕ ಸರ್ಕಾರಕ್ಕೂ ಇದೇ ಮಾತು. 2010ರ ಕಾಯ್ದೆಯಲ್ಲಿ ಹುಟ್ಟಿದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ. ಶಾಲು, ಹಾರ, ವೇದಿಕೆ ಸಾಕು ಸ್ವಾಮಿ. ಹೊರನಾಡ ಗಡಿಯ ಒಂದೊಂದು ತಾಲೂಕಿಗೂ ಕನ್ನಡದಲ್ಲಿರೋ ಪದವಿ ಪಠ್ಯಗಳ ಒಂದೊಂದು ಕಪಾಟು ಕಳಿಸಿ. ನಾವು ಬೀಗದ ಕೈ ಇಟ್ಕೊಂಡು ಲೆಕ್ಕ ಕೊಡ್ತೀವಿ. ಕೇಂದ್ರ 2025ರ ಬಜೆಟ್‌ನಲ್ಲಿ ಭಾರತೀಯ ಭಾಷಾ ಪುಸ್ತಕ ಯೋಜನೆ ಅಂತ ಹೇಳಿತು, ಶಾಲೆಗೂ ಕಾಲೇಜಿಗೂ ಭಾರತೀಯ ಭಾಷೆಗಳಲ್ಲಿ ಡಿಜಿಟಲ್ ಪುಸ್ತಕ. ಅದರಲ್ಲಿ ಕನ್ನಡದ ಬಿ.ಕಾಂ., ಬಿ.ಎಸ್‌ಸಿ. ಎಲ್ಲಿ ಅಂತ ನಮ್ಮ ಸಂಸದರನ್ನ ಕೇಳೋಣ.

ಊರಿಗೊಂದು ಪುಸ್ತಕ ಬ್ಯಾಂಕ್

ಸರ್ಕಾರ ಬರೋವರೆಗೆ ಕೂರಬೇಡಿ. ಈ ವರ್ಷವೇ ಶುರು ಮಾಡಿ. ಬ್ಯಾಂಕ್ ನಡೆಸೋದು ನನಗೆ ಗೊತ್ತಿರೋ ಕೆಲಸ, ನಿಯಮ ಹೇಳ್ತೀನಿ.

ಒಂದು: ಲೆಕ್ಕ ಇಡೋರು ಇಬ್ಬರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಒಬ್ಬರ ಕೈಯಲ್ಲೇ ಬಿಟ್ರೆ ಅದು ಅವರ ಸ್ವಂತ ಕಪಾಟಾಗುತ್ತೆ. ಎರಡು: ಒಂದು ಉದ್ದ ರಿಜಿಸ್ಟರ್. ಪುಸ್ತಕದ ನಂಬರು, ಹೆಸರು, ಎಡಿಷನ್ ವರ್ಷ, ಕೊಟ್ಟವರು, ತಗೊಂಡವರು, ತಾರೀಕು, ಸಹಿ. ಮೂರು: ಪುಸ್ತಕಕ್ಕೆ 50 ರೂಪಾಯಿ ಠೇವಣಿ, ವಾಪಸ್ ಕೊಟ್ರೆ ವಾಪಸ್. ಬಾಡಿಗೆ ಇಲ್ಲ. ನಾಲ್ಕು: ಪೆನ್ಸಿಲ್ ಗೆರೆ ಮಾತ್ರ, ಪೆನ್ನು ಮುಟ್ಟಿಸಬಾರದು. ಐದು: ಪರೀಕ್ಷೆ ಮುಗಿದ ಹತ್ತು ದಿನದೊಳಗೆ ಪುಸ್ತಕ ಕಪಾಟಿಗೆ. ಆರು: ಜಾತಿ, ಪಕ್ಷ, ಸಂಘ ಕೇಳಬಾರದು. ತೆಲುಗು ಮನೆಯ ಹುಡುಗ ಕೇಳಿದ್ರೂ ಕೊಡಿ, ಅವನಮ್ಮನೂ ಓಲೆ ಅಡ ಇಟ್ಟಿರ್ತಾಳೆ.

ಏಳನೇದು ಎಲ್ಲಕ್ಕಿಂತ ಮುಖ್ಯ. ಪುಸ್ತಕ ವಾಪಸ್ ಕೊಡುವಾಗ ಅದರ ಹಿಂದೆ ಒಂದು ಹಾಳೆ ಅಂಟಿಸಿ. ಆ ಪುಸ್ತಕದಲ್ಲಿ ನಿಮಗೆ ಕಷ್ಟ ಆದ ಇಂಗ್ಲಿಷ್ ಮಾತು ಎಡಕ್ಕೆ, ಕನ್ನಡ ಬಲಕ್ಕೆ. ಡಿಪ್ರಿಸಿಯೇಷನ್ ಅಂದ್ರೆ ಸವಕಳಿ. ಟ್ರಯಲ್ ಬ್ಯಾಲೆನ್ಸ್ ಅಂದ್ರೆ ತಾಳೆಪಟ್ಟಿ. ಬ್ಯಾಲೆನ್ಸ್ ಶೀಟ್ ಅಂದ್ರೆ ಅಢಾವೆ ಪತ್ರಿಕೆ. ಪದ ಸಿಗದಿದ್ರೆ ನಿಮ್ಮೂರ ಮಾತಲ್ಲೇ ಎರಡು ಸಾಲು ಬಿಡಿಸಿ ಬರೀರಿ. ಮೂರು ವರ್ಷದಲ್ಲಿ ಆ ಹಾಳೆಗಳೆಲ್ಲ ಸೇರಿದ್ರೆ ಗಡಿನಾಡ ಮಕ್ಕಳೇ ಬರೆದ ಗೈಡು ತಯಾರು. ದುಡ್ಡು ಕೊಟ್ಟು ಕೊಳ್ಳೋ ಗೈಡು ಅಲ್ಲಿಗೆ ಸತ್ತಂಗೆ.

"ಹಳೇ ಪುಸ್ತಕ ಹಿಡ್ಕೊಂಡು ಹೋದ್ರೆ ಕ್ಲಾಸಲ್ಲಿ ನಗ್ತಾರೆ" ಅನ್ನೋರಿದ್ದಾರೆ. ನಗಲಿ. ಬೇರೆಯವರು ಉಟ್ಟ ಸೀರೆ ಉಡೋಕೆ ನಾಚಿಕೆ ಇರಬಹುದು, ಬೇರೆಯವರು ಓದಿದ ಪುಸ್ತಕ ಓದೋಕೆ ಎಂಥ ನಾಚಿಕೆ? ಬ್ಯಾಂಕಿನಲ್ಲಿ ನಾವು ಎಣಿಸೋ ನೋಟು ಎಷ್ಟು ಕೈ ದಾಟಿರುತ್ತೆ ಗೊತ್ತಾ? ಬೆಲೆ ಕಮ್ಮಿ ಆಗಲ್ಲ.

ಕೊನೆಗೆ ಒಂದು ಕಹಿ ಮಾತು. ಮನೆಯಲ್ಲಿ ಲೆಕ್ಕ ಕೂಡದಿದ್ದಾಗ ಮೊದಲು ಕಾಲೇಜು ಬಿಡೋದು ಹುಡುಗಿ. ತಮ್ಮ ಓದಲಿ, ನೀನು ಗಾರ್ಮೆಂಟ್ಸ್‌ಗೆ ಹೋಗು ಅಂತಾರೆ. ಅವಳ ಜೊತೆಗೆ ಒಂದು ಕನ್ನಡ ಮನೆಯ ಮೊದಲ ಡಿಗ್ರಿಯೂ ಬಸ್ಸು ಹತ್ತಿ ಹೋಗುತ್ತೆ. ಕೆಲವೇ ಸಾವಿರ ರೂಪಾಯಿಗೆ. ಅಷ್ಟು ದುಡ್ಡನ್ನ ಉಳಿಸಿಕೊಡೋಕೆ ಆಗದ ಕನ್ನಡ ಪ್ರೇಮ ಯಾವ ಸೀಮೆ ಪ್ರೇಮ?

ಸೆಮಿಸ್ಟರ್ ಮುಗಿಸಿದವರೇ, ನಿಮ್ಮ ಪುಸ್ತಕ ರದ್ದಿಗೆ ಹಾಕಬೇಡಿ. ಊರು, ಕೋರ್ಸು, ಯಾವ ಪುಸ್ತಕ ಇದೆ, ಯಾವುದು ಬೇಕು, ಇಷ್ಟನ್ನ ಇವತ್ತೇ ನಿಮ್ಮ ಊರಿನ ಗುಂಪಿನಲ್ಲಿ ಹಾಕಿ. ಐದು ಪುಸ್ತಕ ಸೇರಿದ ದಿನ ರಿಜಿಸ್ಟರ್ ತೆರೆಯಿರಿ.